ರೆಕ್ಕೆಯ ಪುಡಿ

"ಕೆಮ್ಮೋದಾದ್ರೆ ಆಚೆ ಹೋಗಿ ಕೆಮ್ಮೇ, ಮುಂಡೇದೆ. ನಿನ್ನ ಎಂಜಲು ಮೊಟ್ಟೆ ಮೇಲೆ ಬಿದ್ರೆ ನಿಮ್ಮಪ್ಪ ಬಂದು ಕಟ್ಕೊಡ್ತಾನಾ?"

ಸೂಪರ್‌ವೈಸರ್ ಬೈದದ್ದು ನನ್ನ ದೊಡ್ಡಮ್ಮನಿಗೆ. ಆಕೆ ಜರಡಿ ಕೆಳಗಿಟ್ಟು, ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಹೋದಳು. ಗೋಡೆಯಾಚೆಯಿಂದ ಕೆಮ್ಮು ಕೇಳುತ್ತಲೇ ಇತ್ತು. ಉಳಿದ ನಾವು ಐವರು ಹೆಂಗಸರು ಜರಡಿ ಆಡಿಸುತ್ತಲೇ ಇದ್ದೆವು.

ನಮ್ಮದು ಹುಳ ಸಾಕುವ ಕೆಲಸ. ಸಾಸಿವೆಗಿಂತ ಸಣ್ಣ ಕಣಜವೊಂದಿದೆ. ಬೆಳೆ ಕೊರೆಯುವ ಹುಳದ ಮೊಟ್ಟೆಯೊಳಗೆ ಅದು ತನ್ನ ಮೊಟ್ಟೆ ಇಡುತ್ತದೆ. ಕೊರಕ ಹುಟ್ಟುವ ಮೊದಲೇ ಸಾಯುತ್ತದೆ, ರೈತ ವಿಷ ಹೊಡೆಯುವುದು ತಪ್ಪುತ್ತದೆ. ಒಳ್ಳೆಯ ಹುಳ, ಅದರ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ಅದನ್ನು ಬೆಳೆಸಲು ಪತಂಗದ ಮೊಟ್ಟೆ ಬೇಕು. ಅದಕ್ಕೆಂದೇ ನುಚ್ಚು ತುಂಬಿದ ತಟ್ಟೆಗಳಲ್ಲಿ ಸಾವಿರಾರು ಪತಂಗ ಸಾಕುತ್ತೇವೆ. ಅವುಗಳ ರೆಕ್ಕೆಯಿಂದ ಬೂದಿಯಂಥ ಪುಡಿ ಉದುರುತ್ತದೆ. ಪುಡಿ ಜರಡಿ ಹಿಡಿದು ಮೊಟ್ಟೆ ಬೇರೆ ಮಾಡುವವರು ನಾವು. ಮೊಟ್ಟೆ ಕಣಜಕ್ಕೆ, ಪುಡಿ ನಮ್ಮ ಎದೆಗೆ.

ಕಣಜದ ಕೋಣೆಗೆ ಎರಡು ಎಸಿ. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ. ಕಣಜ ಬದುಕುವುದು ವಾರವೊಂದಾದರೂ ಜೇನುತುಪ್ಪದ ಊಟ, ರಾಜವೈಭೋಗ. ದೊಡ್ಡಮ್ಮ ಮೊದಲು ಹೊಲಗಳಲ್ಲಿ ಔಷಧಿ ಹೊಡೆಯುತ್ತಿದ್ದವಳು. ಕೈಯ ಚರ್ಮ ಸುಲಿದು ಹೋದ ಮೇಲೆ ಇಲ್ಲಿಗೆ ಬಂದಳು. "ಅತ್ತ ದರಿ ಇತ್ತ ಪುಲಿ ಆಯ್ತಲ್ಲೇ ನನ್ನ ಬಾಳು," ಅಂತ ತನ್ನಷ್ಟಕ್ಕೆ ನಗುತ್ತಾಳೆ.

ಅಂದು ಕೃಷಿ ಇಲಾಖೆಯ ದೊಡ್ಡ ಸಾಹೇಬರು ಬರುವವರಿದ್ದರು. ಹೊಸ ಮಾಸ್ಕಿನ ಡಬ್ಬಿ ಬಂತು. ನಾನು ಕೈ ಚಾಚಿದೆ.

"ಅದು ಬರೋರಿಗೆ. ನಿಮಗೆ ಅಭ್ಯಾಸ ಆಗಿದೆಯಲ್ಲ," ಅಂದ ಸೂಪರ್‌ವೈಸರ್. ಆಗಷ್ಟೇ ಒಳಬಂದ ದೊಡ್ಡಮ್ಮನ ಕಡೆ ತಿರುಗಿದ. "ಸಾಹೇಬ್ರ ಎದುರು ಒಂದೇ ಒಂದು ಸಲ ಕೆಮ್ಮಿದ್ಯೋ, ನಾಳೆಯಿಂದ ಬರಬೇಡ."

"ಕೆಮ್ಮೇನು ಹೇಳಿ ಕೇಳಿ ಬರುತ್ತಾ ಸಾರ್?"

"ನುಂಗು."

ಆಕೆಯ ಮನೆಗೆ ಆ ಕೂಲಿಯೊಂದೇ ದಿಕ್ಕು. ಹೂಂ ಅಂದಳು.

ಸಾಹೇಬರು ಬಂದರು, ಹಿಂದೆ ಹನ್ನೆರಡು ಜನ. ಎಲ್ಲರ ಮೂಗಿಗೂ ಮಾಸ್ಕು. ನಾವು ಮಾತ್ರ ಮುಖದ ಬಟ್ಟೆ ಬಿಚ್ಚಿ ನಗುತ್ತಿರಬೇಕೆಂದು ಅಪ್ಪಣೆಯಾಗಿತ್ತು. ಫೋಟೊದಲ್ಲಿ ಮುಖ ಕಾಣಲಿ ಅಂತ ಸಾಹೇಬರು ಮಾಸ್ಕು ಇಳಿಸಿದರು. ಅವರು ಇಳಿಸಿದ ಮೇಲೆ ಹಿಂದಿನವರು ಇಳಿಸದೆ ಇರುತ್ತಾರೆಯೇ?

"ಹೊಲದಲ್ಲಿ ದುಡಿಯುವ ಪ್ರತಿಯೊಬ್ಬ ಬಡವನೂ ಇನ್ನು ಮುಂದೆ ಎದೆ ತುಂಬ ಉಸಿರಾಡಬಹುದು," ಅಂತ ಭಾಷಣ ಶುರುವಾಯಿತು.

ಪಕ್ಕದಲ್ಲೇ ಜರಡಿ ಹಿಡಿದು ನಿಂತಿದ್ದ ದೊಡ್ಡಮ್ಮನ ಕತ್ತಿನ ನರ ಉಬ್ಬಿತ್ತು. ತುಟಿ ಕಚ್ಚಿಕೊಂಡಿದ್ದಳು, ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅದನ್ನು ಕಂಡು ಸಾಹೇಬರ ಕರುಳು ಕರಗಿತು.

"ನೋಡಿ, ಈ ತಾಯಿಗೆ ಆನಂದಬಾಷ್ಪ ಬಂದಿದೆ. ಒಂದು ಫೋಟೊ ತೆಗೀರಪ್ಪ."

ತೆಗೆದರು.

ಭಾಷಣ ಬೆಳೆಯಿತು, ಸಾಹೇಬರು ಬೆವೆತರು. "ಏನ್ರೀ ಇದು, ಇಷ್ಟೊಂದು ಸೆಕೆ? ಫ್ಯಾನ್ ಹಾಕಿ."

ನಾವು ಜರಡಿ ಹಿಡಿಯುವ ಆ ಕೋಣೆಯ ಫ್ಯಾನು ತಿರುಗಿ ವರ್ಷಗಳಾಗಿದ್ದವು. ಗಾಳಿಗೆ ಮೊಟ್ಟೆ ಹಾರಿ ಹೋಗುತ್ತವೆಂದು ಸ್ವಿಚ್ಚಿಗೆ ಟೇಪು ಸುತ್ತಿದವನು ಇದೇ ಸೂಪರ್‌ವೈಸರ್. ಆದರೆ ದೊಡ್ಡವರ ಹಣೆಯಲ್ಲಿ ಬೆವರು ಕಂಡರೆ ಅವನಿಗೆ ಹೆತ್ತ ತಾಯಿಯೂ ಮರೆತುಹೋಗುತ್ತಾಳೆ. ಓಡಿಹೋಗಿ ಟೇಪು ಕಿತ್ತು ಸ್ವಿಚ್ಚು ಒತ್ತಿದ.

ಎಲ್ಲ ತಟ್ಟೆಗಳ ಪುಡಿಯೂ ಒಮ್ಮೆಗೇ ಎದ್ದಿತು. ಬಿಳಿ ಅಂಗಿಗಳು ಬೂದಿ ಬಣ್ಣಕ್ಕೆ ತಿರುಗಿದವು. ಭಾಷಣಕ್ಕೆಂದು ತೆರೆದ ಬಾಯಿಯಲ್ಲೇ ಸಾಹೇಬರು ಕೆಮ್ಮತೊಡಗಿದರು, ಹನ್ನೆರಡು ಜನ ಹಿಮ್ಮೇಳ ಕೊಟ್ಟರು.

ಸೂಪರ್‌ವೈಸರ್ ಮತ್ತೆ ಸ್ವಿಚ್ಚಿನ ಕಡೆ ನುಗ್ಗಿದ. ಅಷ್ಟರಲ್ಲಿ ದೊಡ್ಡಮ್ಮ ಜರಡಿ ಬಿಸಾಡಿ, ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಿದ್ದಳು. ತಡೆದಿಟ್ಟುಕೊಂಡದ್ದನ್ನೆಲ್ಲ ಅವನ ಮುಖಕ್ಕೇ ಕೆಮ್ಮಿದಳು.

"ಪಕ್ಕಕ್ಕೆ ಸರಿಯೇ, ರಂಡೆ. ಆಫ್ ಮಾಡ್ಬೇಕು."

"ಇರ್ಲಿ ಬಿಡಿ ಸಾರ್," ಅಂದಳು ಉಸಿರು ಸಿಕ್ಕಾಗ. "ಸಾಹೇಬ್ರಿಗೆ ಸೆಕೆ."

ಅವನು ಅವಳ ತೋಳಿಗೆ ಕೈ ಹಾಕಿದ. ನಮ್ಮಲ್ಲಿ ಮೂವರು ಹೋಗಿ ಅವಳಿಗೆ ಒತ್ತಾಗಿ ನಿಂತರು. ಉಳಿದ ನಾವಿಬ್ಬರು ಬಾಗಿಲು ಮುಚ್ಚಿ ಅದಕ್ಕೆ ಒರಗಿದೆವು. ಸಾಹೇಬರು ತಡಕಾಡುತ್ತ ನನ್ನ ಮುಂದೆ ಬಂದರು, ಮಾತು ಹೊರಡದೆ ಎರಡೂ ಕೈ ಮುಗಿದರು.

ನಾನು ಸರಿಯಲಿಲ್ಲ.