ಎಡಪಕ್ಕೆಯ ಚುಕ್ಕೆ

ಸೇಲಂನ ಕನ್ನಡ ನೇಕಾರರ ಬೀದಿಯಲ್ಲಿ ಮಾರಕ್ಕನ ಬಾಯಿಗೆ ಎದುರಿರಲಿಲ್ಲ. ಅಂಥವಳು ಡಾಕ್ಟರ್ ತಮಿಳ್‌ಸೆಲ್ವಿಯವರ ಕೋಣೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು ಎಂದರೆ ಬೀದಿಯವರು ಯಾರೂ ನಂಬಲಿಕ್ಕಿಲ್ಲ.

ಗಂಡ ದಾಸಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿ, ಎರಡು ವರ್ಷದ ಹಿಂದೆ ಗ್ರಂಥಿಯನ್ನೇ ಆಪರೇಷನ್ ಮಾಡಿ ತೆಗೆದಿದ್ದರು. ಈಗ ರಕ್ತಪರೀಕ್ಷೆಯಲ್ಲಿ ರೋಗದ ಸುಳಿವು ಕೊಡುವ ಅಂಕಿ ಮತ್ತೆ ಏರತೊಡಗಿತ್ತು. ರೋಗ ಎಲ್ಲಿ ಅವಿತಿದೆ ಎಂದು ನೋಡಲು ಪೆಟ್ ಸ್ಕ್ಯಾನ್ ಮಾಡಿಸಿದರು. ಎಡಪಕ್ಕೆಯ ಒಂದು ಎಲುಬಿನಲ್ಲಿ ಚುಕ್ಕೆ ಹೊಳೆದಿತ್ತು. ಬೇರೆಲ್ಲೂ ಏನೂ ಕಾಣಲಿಲ್ಲ.

"ಈ ಜಾಗಕ್ಕೆ ಪೆಟ್ಟೇನಾದರೂ ಬಿದ್ದಿತ್ತಾ?" ಎಂದು ಡಾಕ್ಟರ್ ತಮಿಳಿನಲ್ಲಿ ಕೇಳಿದರು.

"ಇಲ್ಲ" ಎಂದ ದಾಸಪ್ಪ, ಹೆಂಡತಿಯ ಕಡೆ ನೋಡದೆ.

ಬಿದ್ದಿತ್ತು. ಮಾರಕ್ಕನೇ ತಳ್ಳಿದ್ದಳು. ಆಪರೇಷನ್ ಆದಮೇಲೆ ಅವನಿಗೆ ಮೂತ್ರ ನಿಲ್ಲುತ್ತಿರಲಿಲ್ಲ. ಪ್ಯಾಡ್ ಕಟ್ಟಿಕೊಳ್ಳಿ ಎಂದರೆ, ನಾನೇನು ಹಸುಗೂಸೇ ಎಂದು ಮೂಗಿನ ತುದಿಯಲ್ಲೇ ಸಿಟ್ಟು. ಸ್ಕ್ಯಾನಿಗೆ ತಿಂಗಳ ಮುಂಚೆ ಒದ್ದೆ ಪಂಚೆಯಲ್ಲೇ ಮಗ್ಗಕ್ಕೆ ಕೂರಲು ಹೋದ. ಮಗ್ಗದ ಮೇಲಿದ್ದದ್ದು ಯಾರದೋ ಮದುವೆಯ ರೇಷ್ಮೆ ಸೀರೆ. ಆ ವಾಸನೆಯನ್ನು ಒಗೆದು ಒಗೆದು ಅವಳಿಗೂ ಸಾಕಾಗಿತ್ತು. "ತೂ, ಓಗಿ ಅತ್ಲಾಗೆ" ಎಂದು ನೂಕಿದಳು. ಅವನು ಮಗ್ಗದ ಕಂಬಕ್ಕೆ ಪಕ್ಕೆ ಬಡಿದುಕೊಂಡು ಕುಸಿದ. ಎಷ್ಟೋ ದಿನ ಉಸಿರೆಳೆದರೂ ನೋವು. ಮಗಳು ಮೇನಕಾಗೂ ಇಬ್ಬರೂ ಹೇಳಲಿಲ್ಲ.

ಪೆಟ್ಟು ಬಿದ್ದ ಜಾಗಕ್ಕೇ ಆ ರೋಗ ಓಡಿಬಂದು ಕೂರುತ್ತದೆ ಎಂದು ಬೀದಿಯಲ್ಲಿ ಎಲ್ಲರೂ ನಂಬಿದ್ದರು. ಮಾರಕ್ಕನೂ ಹಾಗೆಂದೇ ಎಷ್ಟೋ ಜನರಿಗೆ ಬುದ್ಧಿ ಹೇಳಿದ್ದಳು. ಗಂಡನ ಎಲುಬಿಗೆ ಕ್ಯಾನ್ಸರ್ ಹತ್ತಿಸಿದವಳು ನಾನೇ ಎಂದು ಈಗ ಪಕ್ಕದಲ್ಲೇ ಕೂತ ಮಗಳ ಮುಂದೆ ಯಾವ ಬಾಯಲ್ಲಿ ಹೇಳುವುದು? ಹೇಳಲಿಲ್ಲ.

"ಹಾಗಾದರೆ ಎಲುಬಿಗೆ ಹರಡಿದೆ ಎಂದೇ ತಿಳಿಯಬೇಕು" ಎಂದು ಹೇಳಿ ಡಾಕ್ಟರ್ ಗಂಡಸಿನ ಹಾರ್ಮೋನನ್ನು ಅಡಗಿಸುವ ಸೂಜಿ ಬರೆದರು. ಮೂರು ತಿಂಗಳಿಗೊಂದು, ಬದುಕಿರುವ ತನಕ.

ಸೂಜಿ ದಾಸಪ್ಪನನ್ನು ಹಿಂಡಿಹಾಕಿತು. ಕೂತಲ್ಲೇ ಮೈ ಕಾದು ಬೆವರುತ್ತಿದ್ದ. ತೋಳು ಸೊರಗಿ, ಎಸೆದ ಲಾಳಿ ಸೀರೆಯ ಆಚೆ ಅಂಚು ಮುಟ್ಟುತ್ತಿರಲಿಲ್ಲ. ಟಿವಿ ನೋಡುತ್ತಾ ಸುಮ್ಮಸುಮ್ಮನೆ ಅಳುತ್ತಿದ್ದ. ಮಾರಕ್ಕ ಬಯ್ಯುವುದನ್ನೇ ಬಿಟ್ಟಳು. ಪಂಚೆಗಳನ್ನು ಮೂಗು ಮುಚ್ಚದೆ ಒಗೆದಳು, ತಾರಮಂಗಲಂನ ಗುಡಿಗೆ ಹೋಗಿ ಹರಕೆ ಹೊತ್ತಳು. ತಪ್ಪು ಮಾತ್ರ ಎದೆಯಿಂದ ಇಳಿಯಲಿಲ್ಲ.

ಎರಡನೇ ಸೂಜಿಯ ದಿನ, ಅಂಗಿ ಬಿಚ್ಚಲು ಅವನು ಪಡುವ ಪಾಡು ಕಂಡು ಅವಳಿಗೆ ತಡೆಯಲಾಗಲಿಲ್ಲ.

"ನಾನೇ ಅವರ್ನ ತಳ್ಳಿದ್ದು ಡಾಕ್ಟರಮ್ಮ. ಕಂಬಕ್ಕೆ ಬಡೀತು. ಆ ಪಕ್ಕೆಗೆ ರೋಗ ತಂದೋಳು ನಾನೇ."

ಗಾಬರಿಗೆ ಮಾತು ಕನ್ನಡದಲ್ಲೇ ಬಂದಿತ್ತು. ಮೇನಕಾ ಅಮ್ಮನ ಮುಖ ನೋಡಿ, ತಡೆದು ತಡೆದು ಅದನ್ನು ತಮಿಳಿನಲ್ಲಿ ಹೇಳಿದಳು.

ಡಾಕ್ಟರ್ ಸೂಜಿ ಕೆಳಗಿಟ್ಟು, ಪಕ್ಕೆಗೆ ಮಾತ್ರ ಸಿಟಿ ಸ್ಕ್ಯಾನ್ ಮಾಡಿಸಿದರು. ಚಿತ್ರ ಬಂದಮೇಲೆ ಮೂವರನ್ನೂ ಒಳಗೆ ಕರೆದರು.

"ಇದು ಮುರಿದು ಕೂಡಿಕೊಂಡ ಎಲುಬು, ಕ್ಯಾನ್ಸರ್ ಅಲ್ಲ. ಪೆಟ್ ಸ್ಕ್ಯಾನಿನಲ್ಲಿ ಎಲುಬು ಕೂಡುವಾಗಲೂ ಒಮ್ಮೊಮ್ಮೆ ಹೀಗೆ ಹೊಳೆಯುತ್ತದೆ. ಅದಕ್ಕೇ ಅವತ್ತು ಪೆಟ್ಟು ಬಿದ್ದಿತ್ತಾ ಎಂದು ಕೇಳಿದ್ದು. ಪೆಟ್ಟು ಬಿದ್ದರೆ ರೋಗ ಅಲ್ಲಿಗೆ ಬರುವುದಿಲ್ಲಮ್ಮ."

ಮಾರಕ್ಕನಿಗೆ ಹೋದ ಜೀವ ಬಂದಂತಾಯಿತು. ಡಾಕ್ಟರ ಮಾತು ಇನ್ನೂ ಮುಗಿದಿರಲಿಲ್ಲ.

"ರೋಗ ಬಹುಶಃ ಆಪರೇಷನ್ ಆದ ಜಾಗದಲ್ಲೇ ಇದೆ, ಸ್ಕ್ಯಾನಿಗೂ ಕಾಣದಷ್ಟು ಸಣ್ಣದಾಗಿ. ಅಲ್ಲಿಗೆ ರೇಡಿಯೇಷನ್ ಕೊಡುತ್ತೇವೆ. ಗುಣವಾಗುವ ದಾರಿ ಇನ್ನೂ ಇದೆ. ಅವತ್ತೇ ಹೇಳಿದ್ದರೆ ಅವತ್ತೇ ಶುರುಮಾಡುತ್ತಿದ್ದೆ. ಈ ಸೂಜಿ ಹಾಕುತ್ತಿರಲಿಲ್ಲ."

ಹೊರಗೆ ಬೆಂಚಿನ ಮೇಲೆ ಕೂತಾಗ ಮಾರಕ್ಕನಿಗೆ ಗಂಡನ ಮುಖ ನೋಡಲಾಗಲಿಲ್ಲ. ತಾನು ಮಾಡದ ತಪ್ಪಿಗೆ ಹೆದರಿ ದೊಡ್ಡ ತಪ್ಪನ್ನೇ ಮಾಡಿದ್ದಳು.

"ನೀವಾದ್ರೂ ಅವತ್ತೇ ಡಾಕ್ಟರಮ್ಮಂಗೆ ಏಳ್ಬಾರ್ದಿತ್ತಾ?"

"ನಿನ್ ಕೈಯಿಂದ್ಲೇ ಬಂತು ಅಂತ ನಾನೂ ಅನ್ಕೊಂಡಿದ್ದೆ. ಮಗಳಿಗೆ ಗೊತ್ತಾಗೋದು ಬ್ಯಾಡ ಅಂತ ಸುಮ್ನಿದ್ದೆ."

ಅದನ್ನು ನಂಬಿಕೊಂಡೇ ಅವನು ಮೂರು ತಿಂಗಳು ಅವಳ ಕೈಯಡುಗೆ ಉಂಡಿದ್ದ. ಮಾರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಒಂದು ಮಾತು ಬೈರಿ ನನ್ನ" ಎಂದಳು.

ದಾಸಪ್ಪ ಬಯ್ಯಲಿಲ್ಲ. "ಅಂಗಿ ಗುಂಡಿ ಆಕು, ಕೈಯಲ್ಲಿ ಶಕ್ತಿ ಇಲ್ಲ" ಎಂದ.