ನೀರು ಕುಡಿಯುವ ಜಿರಾಫೆ

ಜಿರಾಫೆಯ ತಲೆ ಕೊರೆದದ್ದು ನಾನು. ಮೈ, ಕಾಲು, ಕತ್ತು ಎಲ್ಲ ನನ್ನ ಗಂಡನ ಕೆಲಸ. ಅವರು ಪಿಂಗಾಣಿ ಸಾಮಾನಿನ ಗೋದಾಮಿನಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತಾರೆ. ಒಡೆದ ಮರದ ಪೆಟ್ಟಿಗೆಗಳ ಹಲಗೆ ಅಲ್ಲಿ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ. ಆಗಾಗ ಒಂದಷ್ಟು ಹಲಗೆ ಹೆಗಲ ಮೇಲೆ ಹೊತ್ತು ತಂದು, ನಾನು ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ ಒರಗಿಸಿ, ಕೂತು ಮೊಳೆ ಕೀಳುತ್ತಿದ್ದರು. ಕಿತ್ತ ಮೊಳೆಗಳನ್ನು ಅಡುಗೆಮನೆಯ ಖಾಲಿ ಡಬ್ಬಿಗೆ ತುಂಬಿಡುತ್ತಿದ್ದರು. ಸಕ್ಕರೆ ಡಬ್ಬಿ ಅಂದುಕೊಂಡು ಒಂದು ಬೆಳಿಗ್ಗೆ ನಾನು ಅದಕ್ಕೆ ಚಮಚ ಹಾಕಿದ್ದೂ ಆಯಿತು.

ಪುಸ್ತಕ ಇಡಲು ಕಪಾಟು ಬೇಕೆಂದು ಹಟ ಹಿಡಿದವಳು ನಮ್ಮ ಮಗಳು. ಮನೆಯಲ್ಲಿ ಅವಳನ್ನು ಮೆಣಸು ಅಂತ ಕರೆಯುತ್ತೇವೆ. ಅದು ನನ್ನ ಅತ್ತೆ ಇಟ್ಟ ಹೆಸರು. ಆಳು ಮೋಟು, ಮಾತು ಖಾರ.

"ಬರೀ ಕಪಾಟು ಎಲ್ಲರ ಮನೇಲೂ ಇರುತ್ತೆ. ನಂದು ಜಿರಾಫೆ ಆಗಿರ್ಬೇಕು" ಅಂದಳು. ತನ್ನ ದೊಡ್ಡ ಪ್ರಾಣಿಗಳ ಚಿತ್ರಪುಸ್ತಕ ತೆರೆದು ಅಪ್ಪನ ತೊಡೆಯ ಮೇಲೆ ಇಟ್ಟಳು. ಆ ಪುಸ್ತಕ ಅವಳ ಎದೆಯಷ್ಟು ಅಗಲ, ರೊಟ್ಟಿ ಹಲಗೆಯಷ್ಟು ಭಾರ. "ಮೇಲಿನ ಹಲಗೇಲಿ ತಲೆ. ತಲೆ ಮೇಲೆ ಕೊಂಬು. ನಂಗೆ ಸುಲಭಕ್ಕೆ ಎಟುಕಬಾರದು. ಕಷ್ಟಪಟ್ಟು ಎಟುಕಬೇಕು."

"ಯಾಕೆ ಅಷ್ಟು ಕಷ್ಟ?"

"ಎಟುಕಿದ್ರೆ ಗೆದ್ದ ಹಾಗಲ್ವಾ ಅಪ್ಪಾ."

ಆಗಲೇ ಅವಳು ಮೆಟ್ಟಿಲಲ್ಲಿ ಎಡವುತ್ತಿದ್ದಳು. ನೆಲದಿಂದ ಏಳುವಾಗ ಮೊಣಕಾಲ ಮೇಲೆ ಕೈ ಊರಿ, ತನ್ನ ಮೈಯನ್ನೇ ತಾನು ಹತ್ತುವವಳ ಹಾಗೆ ಏಳುತ್ತಿದ್ದಳು. ಸೋಮಾರಿತನ ಅಂತ ಅತ್ತೆ ಗದರಿದರು. ಚಪ್ಪಲಿ ದೊಡ್ಡದಾಯಿತೇನೋ ಅಂತ ನಾನು ಬೇರೆ ಜೋಡಿ ತಂದೆ. ಹಲಗೆಗಳನ್ನೆಲ್ಲ ಅಳತೆಗೆ ಕೊಯ್ದು ಮುಗಿಯುವ ಹೊತ್ತಿಗೆ ಡಾಕ್ಟರ ಬಳಿ ಹೋಗಿ ಬರುವುದೂ ಮುಗಿದಿತ್ತು. ಮಗಳನ್ನು ಅತ್ತೆಯ ಜೊತೆ ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾವಿಬ್ಬರೇ ಒಳಗೆ ಹೋದೆವು. ಸ್ನಾಯುಗಳು ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತಾ ಹೋಗುವ ಕಾಯಿಲೆ ಅಂದರು ಡಾಕ್ಟರು. ಈಗ ಕಾಲು, ಮುಂದೆ ಕೈಗೂ ಬರುತ್ತದೆ, ಯಾವಾಗ ಅಂತ ಹೇಳಲಾರೆ. ನನ್ನ ಗಂಡ ಔಷಧಿಯ ಬಗ್ಗೆ ಕೇಳಿದರು. ಡಾಕ್ಟರು ವ್ಯಾಯಾಮದ ಬಗ್ಗೆ ಹೇಳಿದರು.

ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಕೂತವಳು ಕೇಳಿದಳು, "ಡಾಕ್ಟರ್ ಏನಂದ್ರು?"

"ಕಾಲಿಗೆ ಸ್ವಲ್ಪ ಶಕ್ತಿ ಕಡಿಮೆಯಂತೆ ಕಣೇ" ಅಂದೆ.

ಅವಳು ಕಿಟಕಿಯಾಚೆ ನೋಡುತ್ತಾ ಯೋಚಿಸಿದಳು. "ಹೋಗ್ಲಿ ಬಿಡು. ಓದೋಕೆ ಕಾಲು ಬೇಡ. ಕೈ ಇದ್ರೆ ಸಾಕು."

ನನ್ನ ಗಂಡ ಇಳಿಯುವ ಜಾಗ ಬರುವ ಮೊದಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು. ಕೈಯ ವಿಷಯ ಅವಳಿಗೆ ಈಗಲೇ ಹೇಳುವುದು ಬೇಡ ಅಂತ ನಾವು ಕೂತು ಮಾತಾಡಿ ತೀರ್ಮಾನಿಸಲಿಲ್ಲ. ಅವತ್ತು ಹೇಳಲಾಗಲಿಲ್ಲ, ಮರುದಿನವೂ ಆಗಲಿಲ್ಲ, ಅಷ್ಟೇ.

ಕಪಾಟಿನ ಕೆಲಸ ಮಾತ್ರ ನಿಲ್ಲಲಿಲ್ಲ. ಮೇಲಿನ ಹಲಗೆಗೆ ಮೊಳೆ ಹೊಡೆಯುವುದು ಬೇಡ ಅಂದದ್ದು ನಾನೇ. ಬೆಳೆಯುವ ಮಕ್ಕಳಿಗೆ ಲಂಗ ಹೊಲಿಯುವಾಗ ಅಂಚಿನಲ್ಲಿ ಬಟ್ಟೆ ಮಡಚಿ ಬಿಡುತ್ತೇವಲ್ಲ, ಆಮೇಲೆ ಬಿಚ್ಚಿ ಉದ್ದ ಮಾಡಲು, ಹಾಗೆ ಇದಕ್ಕೂ ಏನಾದರೂ ಮಾಡಿ ಅಂದೆ. ಅವರು ಎರಡೂ ಪಕ್ಕದ ಹಲಗೆಗಳಿಗೆ ಕೆಳಗಿನಿಂದ ಮೇಲಿನವರೆಗೆ ಹೆಬ್ಬೆರಳಗಲಕ್ಕೆ ಒಂದರಂತೆ ತೂತು ಕೊರೆದರು. ತೂತಿಗೆ ಮರದ ಗೂಟ, ಗೂಟದ ಮೇಲೆ ಹಲಗೆ. ಅವಳು ಬೆಳೆದ ಹಾಗೆ ಗೂಟ ಕಿತ್ತು ಮೇಲಿನ ತೂತಿಗೆ ಹಾಕಿದರಾಯಿತು. ಅವರು ಕೊರೆಯುವಾಗ ಹಲಗೆ ಅಲುಗದ ಹಾಗೆ ನಾನು ಹಿಡಿದುಕೊಂಡಿದ್ದೆ. ಮೇಲಿನ ತೂತುಗಳ ಬಗ್ಗೆ ಇಬ್ಬರೂ ಮಾತಾಡಿದೆವು. ಕೆಳಗಿನವುಗಳ ಬಗ್ಗೆ ಯಾರೂ ಮಾತಾಡಲಿಲ್ಲ.

ತಲೆಯನ್ನು ಮಾತ್ರ ನಾನು ಅಡುಗೆಗೂ ಪಾತ್ರೆಗೂ ನಡುವೆ ಸಿಕ್ಕಿದ ಹೊತ್ತಿನಲ್ಲಿ ಸಣ್ಣ ಗರಗಸದಿಂದ ಕೊರೆದೆ. ಉಜ್ಜಿ ಉಜ್ಜಿ ಬೆರಳ ತುದಿ ನುಣ್ಣಗಾಯಿತು. ಕೊಂಬಿಗೆ ನನ್ನ ಹೊಲಿಗೆ ಪೆಟ್ಟಿಗೆಯಲ್ಲಿದ್ದ ದಾರದ ಎರಡು ಹಳೆಯ ಮರದ ರೀಲು. ಬಣ್ಣ ಬಳಿದು, ಮೈತುಂಬ ಚುಕ್ಕೆ ಇಟ್ಟು, ಗೋಡೆಗೆ ಆನಿಸಿ ನಿಲ್ಲಿಸಿದಾಗ ಅತ್ತೆ ಕನ್ನಡಕ ಏರಿಸಿಕೊಂಡು ಬಂದರು.

"ಇದು ಜಿರಾಫೆನಾ? ಕತ್ತೆಗೆ ಕೊಂಬು ಬಂದ ಹಾಗಿದೆ."

"ಹೌದಜ್ಜಿ, ಅಮ್ಮ ನಿನ್ನ ಮುಖ ನೋಡ್ಕೊಂಡೇ ಕೊರೆದಿದ್ದು" ಅಂದಳು ಮೆಣಸು.

"ಹಲ್ಲು ಉದುರಿಸ್ತೀನಿ ನೋಡು."

"ನಿಂದು ಉದುರಿದೆ ಅಂತ ಹೊಟ್ಟೆಕಿಚ್ಚಾ?"

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆ ದಿನ ಮನೆಯಲ್ಲಿ ನಾಲ್ಕು ಜನವೂ ಒಟ್ಟಿಗೆ ನಕ್ಕೆವು.

ಮಗಳು ತನಗೆ ತಾನೇ ಒಂದು ನಿಯಮ ಮಾಡಿಕೊಂಡಳು. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಜಿರಾಫೆಯ ಕೊಂಬು ಮುಟ್ಟಬೇಕು. ಎಡಗೈಯಲ್ಲಿ ಕಪಾಟನ್ನು ಹಿಡಿದು, ಬಲಗೈ ಚಾಚಿ, ತುದಿಬೆರಳಲ್ಲಿ ರೀಲು ತಾಗಿಸಿ, "ಮುಟ್ಟಿದೆ!" ಅಂತ ಕೂಗುವಳು. ನಾನು ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದೆ. ಕೈ ಇನ್ನೂ ಅಷ್ಟು ಎತ್ತರಕ್ಕೆ ಹೋಗುತ್ತಿದೆ ಅಂತ ನೋಡಿಕೊಳ್ಳಲು. ಆ ಕೂಗು ಕೇಳಿದ ಮೇಲೆಯೇ ನನಗೆ ಒಂದು ಗುಟುಕು ಕಾಫಿ ಒಳಗೆ ಇಳಿಯುತ್ತಿದ್ದದ್ದು.

ಮರುವರ್ಷ ಶಾಲೆಗೆ ಹೋಗಿಬರಲು ಗಾಲಿಕುರ್ಚಿ ಬಂತು. ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಿದ್ದಳು. ಕೊಂಬು ಮುಟ್ಟುವುದು ಮಾತ್ರ ತಪ್ಪಲಿಲ್ಲ. ಆದರೆ ಕೂಗು ತಡವಾಗಿ ಬರತೊಡಗಿತು. ಮೊದಲು ಉಸಿರು ಎಳೆದುಕೊಳ್ಳುವ ಸದ್ದು, ಆಮೇಲೆ ಕಪಾಟು ಗೋಡೆಗೆ ತಾಗುವ ಸದ್ದು, ಆಮೇಲೆ "ಮುಟ್ಟಿದೆ". ಒಂದು ಬೆಳಿಗ್ಗೆ ಕೂಗೇ ಬರಲಿಲ್ಲ. ಬಾಗಿಲಿಗೆ ಬಂದು ನೋಡಿದೆ. ಬಲಗೈ ಭುಜದಿಂದ ಸ್ವಲ್ಪ ಮೇಲೆ ಹೋಗಿ ನಡುಗುತ್ತಿತ್ತು. ಎಡಗೈಯಿಂದ ಅದರ ಮೊಣಕೈಯನ್ನು ಮೇಲಕ್ಕೆ ನೂಕುತ್ತಿದ್ದಳು. ನನ್ನನ್ನು ಕಂಡೊಡನೆ ಕೈ ಇಳಿಸಿ, ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು.

"ಇವತ್ತು ಲೇಟಾಯ್ತಮ್ಮಾ. ನಾಳೆ ಎರಡು ಸಲ ಮುಟ್ತೀನಿ."

ಅವಳನ್ನು ಶಾಲೆಗೆ ಬಿಟ್ಟು ಬಂದೆ. ಒಗೆಯಲು ನೆನೆಹಾಕಿದ್ದ ಬಟ್ಟೆಯನ್ನು ಹಾಗೇ ಬಿಟ್ಟು, ಮೇಲಿನ ಹಲಗೆಯ ಪುಸ್ತಕಗಳನ್ನು ಮಂಚದ ಮೇಲೆ ಇಳಿಸಿದೆ. ಹಲಗೆ ಎತ್ತಿ, ಗೂಟ ಕಿತ್ತು, ಒಂದು ತೂತು ಕೆಳಗೆ ಹಾಕಿದೆ. ಹಲಗೆಗೇ ಬಿಗಿದ ತಲೆ ಅದರ ಜೊತೆ ಇಳಿಯಿತು. ಹೆಬ್ಬೆರಳಗಲ ಯಾರ ಕಣ್ಣಿಗೆ ಬೀಳುತ್ತದೆ ಅಂದುಕೊಂಡೆ. ಪುಸ್ತಕಗಳನ್ನು ಅದೇ ಸಾಲಿನಲ್ಲಿ ಜೋಡಿಸಿದೆ.

ಮಾರನೆಯ ಬೆಳಿಗ್ಗೆ "ಮುಟ್ಟಿದೆ! ಅಮ್ಮಾ, ಎರಡು ಸಲ!" ಅಂತ ಕೂಗಿದಳು. ನಾನು ಬಾಗಿಲಲ್ಲಿ ನಿಂತು ನಕ್ಕೆ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು.

ಆಮೇಲೆ ಅದು ನನ್ನ ಮನೆಗೆಲಸಗಳಲ್ಲಿ ಒಂದಾಯಿತು. ಕೂಗು ತಡವಾದಾಗ ಒಂದು ತೂತು. ಗಂಡನಿಗೂ ಹೇಳಲಿಲ್ಲ. ಒಂದು ಸಂಜೆ ಅವರು ಕಪಾಟಿನ ಮುಂದೆ ಸುಮ್ಮನೆ ನಿಂತಿದ್ದರು. ಅಳತೆ ಹಾಕಿ ಮಾಡಿದವರ ಕಣ್ಣು, ತಪ್ಪಿಸಲು ಆಗುತ್ತದೆಯೇ? ಏನಾದರೂ ಕೇಳುತ್ತಾರೆ ಅಂತ ಕಾದೆ. ಊಟ ಮಾಡಿದರು, ತಟ್ಟೆ ತೊಳೆದಿಟ್ಟರು. ಮಲಗಲು ಹೋಗುವಾಗ, "ಗೂಟಗಳು ಬಿಗಿಯಾಗಿದ್ವು. ಮೇಣ ಸವರಿದೀನಿ. ಇನ್ಮೇಲೆ ನಿನಗೆ ಕೀಳೋಕೆ ಸುಲಭ ಆಗುತ್ತೆ" ಅಂದರು. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು.

ಅತ್ತೆಗೂ ಅನುಮಾನ ಬಂತು. "ಏ ಮೆಣಸು, ನಿನ್ನ ಕತ್ತೆ ಕುಗ್ತಾ ಇದೆಯಲ್ಲೇ?"

ನನ್ನ ಕೈಯಲ್ಲಿದ್ದ ಪಾತ್ರೆ ಅಲ್ಲೇ ನಿಂತಿತು.

"ಇಲ್ಲಜ್ಜಿ" ಅಂದಳು ಮಗಳು. "ನಾನು ಬೆಳೀತಾ ಇದೀನಿ."

"ಬೆಳಿ, ಬೆಳಿ" ಅಂತ ಅತ್ತೆ ಅವಳ ತಲೆ ಸವರಿದರು. ನಾನು ನಲ್ಲಿ ಜೋರಾಗಿ ತಿರುಗಿಸಿದೆ. ಪಾಪ, ನಂಬಿದ್ದಾಳೆ ಅಂದುಕೊಂಡೆ. ಎಷ್ಟು ದಿನ ನಂಬುತ್ತಾಳೋ ಅಷ್ಟು ದಿನ ಸಾಕು ಅಂದುಕೊಂಡೆ.

ಈಚೆಗೆ ಒಂದು ದಿನ ಅವಳ ಕೋಣೆಯ ಧೂಳು ಒರೆಸುತ್ತಿದ್ದೆ. ಮೇಲಿನ ಹಲಗೆ ಒರೆಸಿ ಎರಡನೆಯದಕ್ಕೆ ಬಂದೆ. ದೊಡ್ಡ ಪ್ರಾಣಿಗಳ ಪುಸ್ತಕದ ಜಾಗ ಅದು. ಅದು ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ನೆಟ್ಟಗೆ ನಿಂತಿರುತ್ತಿತ್ತು. ಈಗ ಅಡ್ಡ ಮಲಗಿತ್ತು. ಎತ್ತಿ ನಿಲ್ಲಿಸಲು ಹೋದೆ. ನಿಲ್ಲಲಿಲ್ಲ. ಪುಸ್ತಕದ ಮೇಲಂಚು ಮೇಲಿನ ಹಲಗೆಗೆ ತಾಗಿತು.

ಆಗ ಹೊಳೆಯಿತು. ಮೇಲಿನ ಹಲಗೆಯನ್ನು ಇಳಿಸುತ್ತಾ ಬಂದ ಹಾಗೆ ಅದರ ಕೆಳಗಿನ ಜಾಗ ಕಿರಿದಾಗುತ್ತಾ ಬಂದಿತ್ತು. ಕೊನೆಯ ಸಲ ಇಳಿಸಿದಾಗ ಆ ಪುಸ್ತಕ ಅಲ್ಲಿರಲಿಲ್ಲ, ಅವಳ ದಿಂಬಿನ ಪಕ್ಕದಲ್ಲಿತ್ತು. ಹಾಗಾಗಿ ನನಗೆ ಗೊತ್ತಾಗಲಿಲ್ಲ. ಅದನ್ನು ವಾಪಸು ಇಟ್ಟವಳು ಅವಳು. ಪುಸ್ತಕದ ಮೇಲಿನ ಮೂಲೆ ಮಡಚಿ ಬೆಳ್ಳಗಾಗಿತ್ತು. ಒಳಗೆ ತಳ್ಳಲು ನೋಡಿದ್ದಾಳೆ. ಮತ್ತೆ ಮತ್ತೆ ನೋಡಿದ್ದಾಳೆ. ಕೊನೆಗೆ ಮಲಗಿಸಿದ್ದಾಳೆ. ರಟ್ಟಿನ ಮೇಲೆ ಕೂತಿದ್ದ ಧೂಳು ನೋಡಿದರೆ ಅದು ನಿನ್ನೆ ಮೊನ್ನೆಯ ಮಾತಲ್ಲ.

ಸಂಜೆ ಅವಳಿಗೆ ತಲೆ ಬಾಚುತ್ತಾ ಕೇಳಿದೆ. "ದೊಡ್ಡ ಪುಸ್ತಕ ಯಾಕೆ ಮಲಗಿದೆ?"

"ಸುಸ್ತಾಗಿರುತ್ತೆ."

ನಾನು ಬಾಚಣಿಗೆ ಎಳೆದೆ. ಅವಳು ಬೆನ್ನು ನನಗೆ ಆನಿಸಿ ಕೂತಿದ್ದಳು. ಮುಖ ಕಾಣುತ್ತಿರಲಿಲ್ಲ.

"ಅಮ್ಮಾ, ನೀನು ಬೈಯಲ್ಲ ಅಂದ್ರೆ ಹೇಳ್ತೀನಿ."

"ಬೈಯಲ್ಲ."

"ನೀನು ಮೊದಲ ಸಲ ಇಳಿಸಿದಾಗ್ಲೇ ಗೊತ್ತಾಯ್ತು. ಗೂಟ ಇದ್ದ ತೂತು ಖಾಲಿ ಆಗಿತ್ತಲ್ಲ. ದಿನಾ ಅದರ ಎದುರಿಗೇ ನಿಲ್ಲೋದು ನಾನು."

"ಮತ್ತೆ ಯಾಕೆ ಹೇಳ್ಲಿಲ್ಲ ಚಿನ್ನ?"

"ನಾನು ಮುಟ್ಟಿದೆ ಅಂದಾಗೆಲ್ಲ ನೀನು ಬಾಗಿಲಲ್ಲಿ ನಿಂತು ನಗ್ತಿದ್ದೆ. ಆಮೇಲೆ ಕಾಫಿ ಕುಡೀತಿದ್ದೆ. ನಂಗೆ ಕೊಂಬು ಸಾಕಾಗಿತ್ತು ಅಮ್ಮಾ. ಭುಜ ನೋಯ್ತಿತ್ತು. ಆದ್ರೆ ನೀನು ಕಾಫಿ ಬಿಟ್ಬಿಟ್ರೆ?"

ನನ್ನ ಕೈಯಲ್ಲಿ ಅವಳ ಜಡೆಯ ಮೂರು ಎಳೆಗಳಿದ್ದವು. ಹೆಣೆಯುವುದು ಮರೆತುಹೋಗಿತ್ತು.

"ಕೈಗೂ ಬಂತಲ್ವಾ?" ಅಂದಳು.

ಇಷ್ಟು ಕಾಲ ಬಾಯಿಗೆ ಬಾರದೆ ಉಳಿದಿದ್ದ ಮಾತು. ಇಲ್ಲ ಅನ್ನಬಹುದಿತ್ತು. ಇನ್ನೂ ಒಂದಷ್ಟು ತೂತುಗಳಿದ್ದವು.

"ಬಂತು ಮಗಾ" ಅಂದೆ.

ಅವಳು ಅಳಲಿಲ್ಲ. ನನ್ನ ಮಡಿಲಿಗೆ ಇನ್ನಷ್ಟು ಒರಗಿದಳು. ಅವಳ ತಲೆಯ ಮೇಲೆ ನನ್ನ ಕಣ್ಣೀರು ಬಿದ್ದದ್ದು ಗೊತ್ತಾಗಿರಬೇಕು. "ಎಣ್ಣೆ ಜಾಸ್ತಿಯಾಯ್ತು ಅಮ್ಮಾ" ಅಂದಳು. ನನ್ನನ್ನು ನಗಿಸಲು ಅವಳು ಮಾಡಿದ ಪ್ರಯತ್ನ ನೋಡಿ ನನಗೆ ಇನ್ನೂ ತಡೆಯಲಾಗಲಿಲ್ಲ.

ಆಮೇಲೆ ಆ ಪುಸ್ತಕ ತರಿಸಿಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ಹಾಳೆ ಮಗುಚಿದವಳು ನಾನು, ನಿಲ್ಲಿಸು ಅಂದವಳು ಅವಳು. ಜಿರಾಫೆಯೊಂದು ಮುಂಗಾಲು ಎರಡೂ ಅಗಲಿಸಿ, ಅಷ್ಟುದ್ದದ ಕತ್ತನ್ನು ನೆಲದವರೆಗೆ ಬಗ್ಗಿಸಿ ಕೊಳದಲ್ಲಿ ನೀರು ಕುಡಿಯುತ್ತಿತ್ತು.

"ಹೀಗೆ ಮಾಡಿಬಿಡು. ಒಂದೇ ಸಲ ಕೆಳಗೆ ಇಳಿಸಿಬಿಡು ಅಮ್ಮಾ. ಚೂರು ಚೂರೇ ಬೇಡ. ದಿನಾ ಬೆಳಿಗ್ಗೆ ಭಯ ಆಗುತ್ತೆ."

ಭಾನುವಾರ ನನ್ನ ಗಂಡ ಉಳಿದಿದ್ದ ಹಲಗೆಯಲ್ಲಿ ಬಾಗಿದ ಕತ್ತೊಂದನ್ನು ಕೊಯ್ದರು. ನಾನು ತಲೆಯ ಸ್ಕ್ರೂ ಬಿಚ್ಚಿ ಕೊಟ್ಟೆ. ಅವಳು ಕುರ್ಚಿಯಲ್ಲಿ ಕೂತು ಮೇಸ್ತ್ರಿಕೆ ಮಾಡಿದಳು. "ಅಪ್ಪಾ, ಕತ್ತು ಇನ್ನೂ ಬಗ್ಗಲಿ. ಅದಕ್ಕೆ ಬಾಯಾರಿಕೆ ಆಗಿದೆ, ನಾಚಿಕೆ ಅಲ್ಲ." ಕೆಳಗಿನ ಹಲಗೆಯ ಅಂಚಿಗೆ ತಲೆ ಬಂತು. ಕುರ್ಚಿಯ ತೋಳಿನ ಮೇಲಿಟ್ಟ ಅವಳ ಕೈ ಹಾಗೇ ಜಾರಿದರೆ ಕೊಂಬು ಸಿಗುತ್ತದೆ. ಅವಳು ಮುಟ್ಟಿದಳು. ಕೂಗಲಿಲ್ಲ. ಬೆಕ್ಕಿನ ಕಿವಿ ಸವರುವ ಹಾಗೆ ರೀಲನ್ನು ಒಮ್ಮೆ ಸವರಿದಳು.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಈಗ ನೋಡು, ಕತ್ತೆ ಥರ ಇಲ್ಲ" ಅಂದರು. ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅವಳ ಪುಸ್ತಕಗಳೆಲ್ಲ ಈಗ ಕೆಳಗಿನ ಎರಡು ಹಲಗೆಯಲ್ಲಿವೆ. ದೊಡ್ಡ ಪುಸ್ತಕ ನೆಟ್ಟಗೆ ನಿಂತಿದೆ. ಬೆಳಿಗ್ಗೆ ಅವಳ ಕೋಣೆಯಿಂದ ಕೂಗು ಬರುವುದಿಲ್ಲ. ಆ ಹೊತ್ತಿಗೆ ನಾನು ಅಭ್ಯಾಸಬಲದಿಂದ ಸೌಟು ಹಿಡಿದು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. "ಕಾಫಿ ಆರುತ್ತೆ, ಕುಡಿ ಹೋಗು" ಅನ್ನುತ್ತಾಳೆ. ಅವಳ ಕಣ್ಣೆದುರಿಗೇ ಕುಡಿಯುತ್ತೇನೆ.

ಮೇಲಿನ ಹಲಗೆ ತೆಗೆದಾಯಿತು, ಅಲ್ಲಿ ಈಗ ಏನೂ ಇಲ್ಲ. ಎರಡೂ ಕಡೆ ಚುಕ್ಕೆ ಚುಕ್ಕೆಯ ಹಲಗೆ, ಅದರ ಉದ್ದಕ್ಕೂ ಗೂಟವಿಲ್ಲದ ತೂತುಗಳು. ಧೂಳು ಒರೆಸುವಾಗ ಬಟ್ಟೆ ಅವುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರತಿ ಸಲವೂ ನಿಂತು, ಬಿಡಿಸಿಕೊಂಡು, ಒರೆಸಬೇಕು.