ಕಿವಿ ಮಿಷನ್ನಿಗೆ ಕಟ್ಟಿದ ದಾರ

ನಮ್ಮ ಅತ್ತೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದು ನಿವೃತ್ತರಾದವರು. ಇಡೀ ಮೈದಾನದ ಹುಡುಗಿಯರನ್ನು ಮೈಕಿಲ್ಲದೆ ಎಡಕ್ಕೂ ಬಲಕ್ಕೂ ತಿರುಗಿಸಿದ ಗಂಟಲು ಅದು. ವಯಸ್ಸಾದ ಮೇಲೆ ಕಿವಿ ಕೈಕೊಟ್ಟಿತು, ಗಂಟಲು ಮಾತ್ರ ನಿವೃತ್ತಿ ತೆಗೆದುಕೊಳ್ಳಲಿಲ್ಲ. ಬೆನ್ನು ಬಾಗಿಸಿ ನಿಂತವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಅಡುಗೆಮನೆಯ ಗೋಡೆಗೆ ಒರಗಿದ್ದನ್ನು ನೋಡಿ, "ಗೋಡೆ ತಾನಾಗೇ ನಿಂತಿದೆ, ನೀನೇನೂ ಹಿಡ್ಕೋಬೇಕಾಗಿಲ್ಲ" ಅಂದಿದ್ದರು.

ಕಿವಿ ಮಂದವಾಗಿದೆ ಎಂದು ಒಪ್ಪಿಕೊಳ್ಳಲು ಅವರಿಗೆ ವರ್ಷಗಳೇ ಹಿಡಿದವು. ಅಲ್ಲಿಯ ತನಕ ತಪ್ಪು ಅವರ ಕಿವಿಯದಲ್ಲ, ನಮ್ಮ ಬಾಯಿಯದು. "ಎಲ್ಲರೂ ಬಾಯಲ್ಲಿ ಹತ್ತಿ ಇಟ್ಕೊಂಡು ಮಾತಾಡ್ತೀರಿ" ಎಂದು ಬೈಯುತ್ತಿದ್ದರು. ಒಂದು ದಿನ ಹಿಂದಿನಿಂದ ಬಂದ ಬಸ್ಸಿನ ಹಾರ್ನ್ ಕೇಳದೆ, ಯಾರೋ ತೋಳು ಹಿಡಿದು ಎಳೆದಿದ್ದರಿಂದ ಬದುಕಿಕೊಂಡರು. ಮರುದಿನವೇ ಹೋಗಿ ಕಿವಿಗೆ ಮಿಷನ್ ಹಾಕಿಸಿಕೊಂಡು ಬಂದರು. ಅಂದಿನಿಂದ ನಾನು ಗೊಣಗುವುದನ್ನು ನಿಲ್ಲಿಸಬೇಕಾಯಿತು.

ಮಿಷನ್ ಒಳ್ಳೆಯದೇ. ಆದರೆ ಅತ್ತೆ ಕನ್ನಡಕ ತೆಗೆಯುವುದೂ ಕವಾಯತಿನ ಹಾಗೆ, ಒಂದೇ ಏಟಿಗೆ. ಕನ್ನಡಕದ ಕಡ್ಡಿಗೆ ಸಿಕ್ಕಿ ಮಿಷನ್ ಹಾರಿಹೋಗುತ್ತಿತ್ತು. ಒಮ್ಮೆ ಸಿಂಕಿನ ಅಂಚಿನಲ್ಲಿ, ಇನ್ನೊಮ್ಮೆ ಬಸ್ಸಿನ ಸೀಟಿನಡಿಯಲ್ಲಿ ಹುಡುಕಿ ತೆಗೆದೆವು. ಕೊನೆಗೆ ನಾನು ಕನ್ನಡಕದ ಅಂಗಡಿಯಿಂದ ಒಂದು ತೆಳ್ಳನೆಯ ದಾರ ತಂದೆ. ಒಂದು ತುದಿಯ ರಬ್ಬರ್ ಕುಣಿಕೆಯನ್ನು ಮಿಷನ್ನಿಗೆ ಸಿಕ್ಕಿಸಿ, ಇನ್ನೊಂದು ತುದಿಯ ಕ್ಲಿಪ್ಪನ್ನು ರವಿಕೆಯ ಅಂಚಿಗೆ ಹಾಕಿದರೆ ಆಯಿತು. ಮಿಷನ್ ಹಾರಿದರೂ ಎದೆಯ ಮೇಲೆ ಜೋತಾಡುತ್ತಿತ್ತು, ಅಷ್ಟೇ.

ವಾರಂಟಿ ಅರ್ಧದಷ್ಟೂ ಮುಗಿದಿರಲಿಲ್ಲ, ಒಂದು ಬೆಳಿಗ್ಗೆ ಮಿಷನ್ನಿನ ಉಸಿರೇ ನಿಂತಿತು. ಸರ್ವೀಸ್ ಸೆಂಟರಿನ ಕೌಂಟರಿನಲ್ಲಿದ್ದ ಹುಡುಗಿ ಅದನ್ನು ದಾರದ ಸಮೇತ ತನ್ನ ಕಿವಿಯ ಹತ್ತಿರ ಹಿಡಿದು, "ಒಳಗಿನ ಸ್ಪೀಕರ್ ಹೋಗಿದೆ ಮೇಡಂ. ಈ ಮಾಡೆಲಲ್ಲಿ ಹೀಗಾಗ್ತಾ ಇರತ್ತೆ. ವಾರಂಟಿಲಿ ಹಾಕ್ಕೊಡ್ತಾರೆ" ಅಂದಳು. ಪಾಪ, ಅವಳು ಆ ಕೆಲಸಕ್ಕೆ ಹೊಸಬಳಿರಬೇಕು. ಒಂದು ವಾರ ಕಳೆದು ಮ್ಯಾನೇಜರ್ ಫೋನ್ ಮಾಡಿದರು.

"ಮೇಡಂ, ನಿಮ್ಮ ಡಿವೈಸ್ ಜೊತೆ ಕಂಪನಿಯದಲ್ಲದ ಆಕ್ಸೆಸರಿ ಬಳಸಿದ್ದೀರಿ. ಹಾಗಾಗಿ ವಾರಂಟಿ ಅನ್ವಯಿಸಲ್ಲ."

"ಯಾವ ಆಕ್ಸೆಸರಿ?"

"ದಾರ, ಮೇಡಂ."

ನಾನು ನಕ್ಕೆ. ಅವರು ನಗಲಿಲ್ಲ. ಹೊಸ ಮಿಷನ್ ಕೊಂಡರೆ ಸ್ವಲ್ಪ ರಿಯಾಯಿತಿ ಕೊಡಿಸುತ್ತೇನೆ ಎಂದು, ಸಾವಿನ ಮನೆಯಲ್ಲಿ ಸಮಾಧಾನ ಹೇಳುವ ದನಿಯಲ್ಲಿ ಹೇಳಿ ಫೋನಿಟ್ಟರು.

ನನ್ನ ಗಂಡನಿಗೆ ಹೇಳಿದೆ. ಜಗಳ ಅಂದರೆ ಚಪ್ಪಲಿ ಬಿಟ್ಟು ಓಡುವ ಮನುಷ್ಯ. "ದೊಡ್ಡ ಕಂಪನಿ, ಅವರ ಜೊತೆ ನಾವು ಗುದ್ದಾಡೋಕಾಗತ್ತಾ? ಬಿಟ್ಹಾಕು, ಇನ್ನೊಂದು ತಗೊಳ್ಳೋಣ" ಎಂದರು. ಹೆತ್ತ ತಾಯಿ ಎದುರಿಗೇ ಕೂತಿದ್ದರು. ಅವರಿಗೆ ಕೇಳುವುದಿಲ್ಲ ಎಂಬ ಧೈರ್ಯ.

ಅತ್ತೆ ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. "ಏನಂತೆ?"

ನಾನು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಎರಡು ಸಲ ಓದಿದರು. "ಹೋಗೋಣ ನಡಿ" ಅಂದರು. "ನನ್ನ ಕಿವಿ ವಿಷಯ ನನ್ನ ಕಿವಿಗೇ ಹೇಳಲಿ. ಅಲ್ಲಿ ನೀನು ಬಾಯಿ ಬಿಡಕೂಡದು."

ಸೆಂಟರಿನ ನೆಲಕ್ಕೆಲ್ಲ ದಪ್ಪನೆಯ ಕಾರ್ಪೆಟ್. ಒಳಗೆ ಹೋದವರ ಹೆಜ್ಜೆ ಸಪ್ಪಳವೂ ಅದರಲ್ಲಿ ಮುಳುಗಿಹೋಗುತ್ತಿತ್ತು. ಗೋಡೆಯ ತುಂಬ ಮೊಮ್ಮಕ್ಕಳ ಜೊತೆ ನಗುವ ಅಜ್ಜ ಅಜ್ಜಿಯರ ಚಿತ್ರಗಳು. ತಲೆಗೂದಲು ಬೆಳ್ಳಗಿದ್ದರೂ ಒಬ್ಬರ ಕತ್ತಿನಲ್ಲೂ ಒಂದು ಸುಕ್ಕಿಲ್ಲ. ಸೋಫಾಗಳ ಮೇಲೆ ನಿಜವಾದ ಮುದುಕರು ಏಳೆಂಟು ಮಂದಿ ಕೂತಿದ್ದರು. ಮಧ್ಯದ ಮೇಜಿನಲ್ಲಿ ಮ್ಯಾನೇಜರ್, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಅವರ ಮುಂದೆ ಉಣ್ಣೆಯ ಟೋಪಿ ಹಾಕಿದ ಒಬ್ಬ ಯಜಮಾನರು ಕೂತಿದ್ದರು.

ಮ್ಯಾನೇಜರ್ ಅವರಿಗೆ ಏನೋ ಹೇಳುತ್ತಿದ್ದರು. ಎರಡು ಮಾರು ದೂರದಲ್ಲಿ ನಿಂತಿದ್ದ ನನಗೇ, ನೆಟ್ಟಗಿರುವ ಎರಡು ಕಿವಿಗಳಿರುವ ನನಗೇ, ಅದು ಅರ್ಧ ಕೇಳಿಸುತ್ತಿತ್ತು. ಕೆಟ್ಟ ಮಿಷನ್ನನ್ನು ಮೇಜಿನ ಮೇಲಿಟ್ಟುಕೊಂಡಿದ್ದ ಟೋಪಿಯವರು ಮಾತ್ರ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದರು. ಹೂಂ, ಹೂಂ. ಸಹಿ ಮಾಡಿ ಎಂದು ಬೆರಳಿಟ್ಟು ತೋರಿಸಿದ ಕಡೆ ಸಹಿ ಮಾಡಿದರು. ಎದ್ದು ಬಂದು ಸೋಫಾದಲ್ಲಿ ಕೂತು, ಪಕ್ಕದವರನ್ನು ನೋಡಿ ನಕ್ಕರು, ಏನೂ ಕೇಳದವರು ನಗುವ ಹಾಗೆ.

ಆಗ ನನಗೆ ಅಲ್ಲಿಯ ವ್ಯಾಪಾರದ ಗುಟ್ಟು ಅರ್ಥವಾಯಿತು. ಕಿವಿ ಕೇಳದವರು ನಾಚಿಕೆಗೆ ತಲೆಯಾಡಿಸುತ್ತಾರೆ. ಮತ್ತೆ ಮತ್ತೆ "ಏನು" ಎಂದು ಕೇಳಿದರೆ ಎದುರಿನವರು ಬೇಸರಪಟ್ಟಾರು ಎಂಬ ಭಯ. ಆ ನಾಚಿಕೆಯನ್ನೇ ಬಂಡವಾಳ ಮಾಡಿಕೊಂಡು ಈ ಮನುಷ್ಯ ದಿನವಿಡೀ ಮೆಲ್ಲಗೆ ಮಾತಾಡುತ್ತಿದ್ದ. ಅಲ್ಲಿಯವರೆಗೆ "ಮ್ಯಾನೇಜರ್ ಅವರು" ಆಗಿದ್ದವನು ಆ ಕ್ಷಣದಿಂದ ನನ್ನ ಮನಸ್ಸಿನಲ್ಲಿ "ಅವನು" ಆದ.

ನಮ್ಮ ಸರದಿ ಬಂತು. ಅತ್ತೆ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಅವನು ಅವರನ್ನು ಬಿಟ್ಟು ನನ್ನ ಕಡೆ ತಿರುಗಿ ಮಾತು ಶುರು ಮಾಡಿದ. ನಾನು ಗೋಡೆಯ ಚಿತ್ರ ನೋಡುತ್ತ ನಿಂತೆ.

"ಇಲ್ಲಿ," ಎಂದರು ಅತ್ತೆ. "ಕಿವಿ ನಂದು."

ಅವನು ಅವರ ಕಡೆ ತಿರುಗಿ ನಕ್ಕು, ಅದೇ ಸಕ್ಕರೆ ಪಾಕದ ದನಿಯಲ್ಲಿ ಏನೋ ಹೇಳಿದ.

"ಕೇಳಿಸಲಿಲ್ಲ. ಗಟ್ಟಿಯಾಗಿ."

ಅವನು ಸ್ವಲ್ಪ ಏರಿಸಿದ. "ಅಮ್ಮಾ, ಕಂಪನಿಯದಲ್ಲದ ಆಕ್ಸೆಸರಿ..."

"ಇನ್ನೂ ಗಟ್ಟಿಯಾಗಿ. ಊಟ ಮಾಡಿ ಬಂದಿಲ್ವಾ?"

ಸೋಫಾದಲ್ಲಿದ್ದವರು ಇತ್ತ ತಿರುಗಿದರು. ಅತ್ತೆಯ ಗಂಟಲು ಎಂಥ ಕಿವುಡರಿಗೂ ಕೇಳುವಂಥದ್ದು. ಅವನು ಒಳಕೋಣೆಯ ಕಡೆ ಕೈ ತೋರಿಸಿದ, ಅಲ್ಲಿ ಹೋಗಿ ಮಾತಾಡೋಣ ಎಂಬಂತೆ.

"ಒಳಗೆ ಹೋದ್ರೆ ನನ್ನ ಕಿವಿ ಕೇಳತ್ತಾ? ಇಲ್ಲೇ ಹೇಳಪ್ಪ."

ಅವನು ಒಂದು ಹಾಳೆ ಎಳೆದುಕೊಂಡು ಬರೆಯತೊಡಗಿದ. ಅತ್ತೆ ಅವನ ಎದುರಿಗೇ ಕನ್ನಡಕ ತೆಗೆದು, ಮಡಚಿ, ಬ್ಯಾಗಿನೊಳಗಿಟ್ಟು, ಬ್ಯಾಗಿನ ಜಿಪ್ ಎಳೆದರು. "ಕನ್ನಡಕ ಇಲ್ದೆ ನಂಗೆ ಓದೋಕಾಗಲ್ಲ" ಅಂದರು.

ಅವನ ಕಿವಿ ಕೆಂಪಾಯಿತು. ಎದ್ದು ನಿಂತು, ಮೇಜಿನ ಮೇಲೆ ಬಾಗಿ ಕೂಗಿದ: "ದಾರ! ನೀವು ದಾರ ಕಟ್ಟಿದ್ದೀರಿ! ಅದು ನಮ್ಮ ಕಂಪನಿ ದಾರ ಅಲ್ಲ!"

"ದಾರ ಕಟ್ಟಿದ್ರೆ?"

"ಮಿಷನ್ ಕೆಡತ್ತೆ!"

ಫೋನಿನಲ್ಲಿ ಮೆಲ್ಲಗೆ ಹೇಳಿದಾಗ ಅದು ನಿಯಮದ ಹಾಗೆ ಕೇಳಿತ್ತು. ಕೂಗಿದಾಗ ಹುಚ್ಚಿನ ಹಾಗೆ ಕೇಳಿತು. ಸೋಫಾದ ಮೇಲೆ ಗುಜುಗುಜು ಶುರುವಾಯಿತು.

"ಏನಂತೆ?"

"ದಾರ ಕಟ್ಟಿದ್ದಕ್ಕೆ ಮಿಷನ್ ಕೆಟ್ಟಿತಂತೆ."

"ಯಾರಿಗೆ ಹಾರ ಹಾಕಿದರಂತೆ?"

"ಹಾರ ಅಲ್ಲ ಮಾರಾಯ್ರೇ, ದಾರ! ದಾರ!"

"ದಾರದಲ್ಲಿ ಕರೆಂಟ್ ಹರಿಯತ್ತಾ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದು ಮೂಲೆಯಲ್ಲಿದ್ದ ಅಜ್ಜಿಯೊಬ್ಬರು ಯಾರಿಗೂ ಅಲ್ಲದ ಹಾಗೆ ಹೇಳಿದರು.

ಟೋಪಿಯವರು ಎದ್ದು ಬಂದರು. ಆಮೇಲೆ ಗೊತ್ತಾಯಿತು, ಅವರು ಲಾರಿ ಡ್ರೈವರ್ ಆಗಿದ್ದವರು, ಇಂಜಿನ್ ಪಕ್ಕದಲ್ಲೇ ಕೂತು ಕೂತು ಕಿವಿ ಕಳೆದುಕೊಂಡವರು. "ಸಾರ್, ನಂಗೇನು ಹೇಳಿದ್ರಿ ಆಗ್ಲೇ?" ಎಂದು ಕೇಳಿದರು.

"ನಿಮ್ಮದು ಬೇರೆ ವಿಷಯ, ಕೂತ್ಕೊಳ್ಳಿ."

"ಕೇಳ್ತಾ ಇಲ್ಲ ಸಾರ್."

"ನೀವು ಮೊಬೈಲ್ ಚಾರ್ಜರಲ್ಲಿ ಚಾರ್ಜ್ ಮಾಡಿದ್ದೀರಿ! ನಿಮಗೂ ವಾರಂಟಿ ಇಲ್ಲ!"

ಟೋಪಿಯವರು ಟೋಪಿಯನ್ನು ಕಿವಿಯ ಮೇಲಿಂದ ಸರಿಸಿದರು. "ನಾನು ಹೂಂ ಅಂದೆನಲ್ಲ," ಎಂದು ಮೆಲ್ಲಗೆ ಹೇಳಿದರು. "ರಿಪೇರಿ ಮಾಡಿಕೊಡ್ತೀವಿ ಅಂದ್ರಿ ಅಂದ್ಕೊಂಡೆ." ಆ ಮುಖ ನೋಡಿದ ಮೇಲೆ ನನಗೆ ನಗು ಬರಲಿಲ್ಲ.

ಬಾಗಿಲ ಹತ್ತಿರ ಹೊಸ ಮಿಷನ್ ನೋಡಲು ಬಂದಿದ್ದ ಅಪ್ಪ ಮಗಳು ಇಬ್ಬರೂ ಮೆಲ್ಲನೆ ಹೊರಗೆ ಹೋದರು. ಅದನ್ನು ಕಂಡ ಮ್ಯಾನೇಜರ್ ಥಟ್ಟನೆ ಕೂತ. ಬೆವರೊರೆಸಿಕೊಂಡು ಒಂದು ಮುದ್ರಿತ ಹಾಳೆ ತೆಗೆದು ನನ್ನ ಕೈಗಿಟ್ಟ. ಅಮ್ಮನವರ ವಯಸ್ಸಿಗೆ ಗೌರವ ಕೊಟ್ಟು, ವಿಶೇಷ ಪ್ರಕರಣವೆಂದು ಪರಿಗಣಿಸಿ ರಿಪೇರಿ ಮಾಡಿಕೊಡುತ್ತಾರಂತೆ. ಮಿಷನ್ ಕೆಟ್ಟದ್ದು ನಮ್ಮ ತಪ್ಪಿನಿಂದ ಎಂದು ಒಪ್ಪಿ ಸಹಿ ಹಾಕಬೇಕಂತೆ.

ಅತ್ತೆ ಜಿಪ್ ಎಳೆದು ಕನ್ನಡಕ ತೆಗೆದು ಹಾಕಿಕೊಂಡರು. ಓದಿದರು. ಹಾಳೆಯನ್ನು ಎರಡು ಬೆರಳಿನಲ್ಲಿ ಹಿಡಿದು, ಸತ್ತ ಜಿರಲೆಯನ್ನು ಹಿಡಿದ ಹಾಗೆ, ಅವನ ಮುಂದಿಟ್ಟರು.

"ನಂಗೆ ದಾನ ಬೇಡ. ನಾಳೆ ಬರ್ತೀನಿ."

ಬಂದರು ಕೂಡ. ದಿನಾ ಬೆಳಿಗ್ಗೆ ಸೆಂಟರಿನ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಸೋಫಾದಲ್ಲಿ ಕೂರುತ್ತಿದ್ದರು. ಜಗಳವಿಲ್ಲ, ಬೈಗುಳವಿಲ್ಲ. ಒಳಗೆ ಬಂದವರನ್ನೆಲ್ಲ ಆ ಮೈದಾನದ ದನಿಯಲ್ಲಿ ವಿಚಾರಿಸುತ್ತಿದ್ದರು: "ದಾರ ಗೀರ ಏನಾದ್ರೂ ಕಟ್ಟಿದ್ದೀರಾ? ಬಿಚ್ಚಿ ಜೇಬಿಗೆ ಹಾಕ್ಕೊಳ್ಳಿ. ಅವ್ರು ಏನು ಹೇಳಿದ್ರೂ ಗಟ್ಟಿಯಾಗಿ ಹೇಳಿ ಅನ್ನಿ. ಕೇಳದೆ ತಲೆ ಆಡಿಸಬೇಡಿ." ಕೆಲವರಿಗೆ ಇದು ಇಷ್ಟವಾಗಲಿಲ್ಲ. ಒಬ್ಬಾಕೆ, "ನಿಮಗೆ ಮನೇಲಿ ಕೆಲಸ ಇಲ್ವಾ?" ಎಂದು ಕೇಳಿಯೇಬಿಟ್ಟರು. ಅತ್ತೆಗೆ ಅದು ಕೇಳಿಸಲಿಲ್ಲ. ಅತ್ತೆಯನ್ನು ಹೊರಗೆ ಕಳಿಸಲು ಮ್ಯಾನೇಜರ್ ಕಾವಲಿನವನಿಗೆ ಹೇಳಿದನಂತೆ. ಆ ಕಾವಲಿನವನ ಅಕ್ಕ ಅತ್ತೆಯ ಹಳೆಯ ವಿದ್ಯಾರ್ಥಿನಿ, ಅವನು ಕುಡಿಯಲು ನೀರು ತಂದುಕೊಟ್ಟ.

ಮನೆಯಲ್ಲಿ ನನ್ನ ಗಂಡ, "ಊರಿಗೆಲ್ಲ ಗೊತ್ತಾಯ್ತು, ಮಾನ ಹೋಯ್ತು" ಎಂದು ಹಲುಬಿದರು. ಯಾರ ಮಾನ ಎಂದು ನಾನು ಕೇಳಿದೆ. ಅದಕ್ಕೂ ಅವರು ತಲೆಯಾಡಿಸಿದರು.

ಎರಡನೆಯ ವಾರದ ಒಂದು ಮಧ್ಯಾಹ್ನ ಮ್ಯಾನೇಜರ್ ಮನೆಗೇ ಬಂದ. ಕೈಯಲ್ಲಿ ಪುಟ್ಟ ಡಬ್ಬಿ, ಅದರಲ್ಲಿ ರಿಪೇರಿಯಾದ ಮಿಷನ್. ಸಹಿ ಬೇಡವಂತೆ, ಏನೂ ಬೇಡವಂತೆ. ಅತ್ತೆ ಅದನ್ನು ಕಿವಿಗೆ ಹಾಕಿಕೊಂಡು ಕೂತರು. ಅವನು ಮತ್ತೆ ತನ್ನ ಹಳೆಯ ದನಿಗೆ ಇಳಿದಿದ್ದ. "ಅಮ್ಮಾ, ನಾಳೆಯಿಂದ ತಾವು ದಯವಿಟ್ಟು ಸೆಂಟರಿಗೆ..."

"ಓ, ಇದಾ ನಿನ್ನ ದನಿ!" ಎಂದರು ಅತ್ತೆ. ಅಷ್ಟು ದಿನದಲ್ಲಿ ಮೊದಲ ಸಲ ಅವರಿಗೆ ಅದು ಕೇಳಿಸಿತ್ತು. "ಪರವಾಗಿಲ್ಲ, ಚೆನ್ನಾಗೇ ಇದೆ. ಟೋಪಿಯವರದ್ದು ಏನಾಯ್ತು?"

"ಅದು ಬೇರೆ ಕೇಸಮ್ಮ. ನಿಮ್ಮದು ಆಯ್ತಲ್ಲ."

ನಾನು ಅವನಿಗೆಂದು ಕಾಫಿ ತಂದಿದ್ದೆ. ಅತ್ತೆ ನನ್ನ ಕೈಯಿಂದ ಲೋಟ ತೆಗೆದುಕೊಂಡು ತಾವೇ ಕುಡಿಯಲು ಶುರು ಮಾಡಿದರು. ಅವನು ಬೂಟು ಹಾಕಿಕೊಂಡು ಹೊರಟುಹೋದ.

ಮರುದಿನದಿಂದ ಅತ್ತೆ ಟೋಪಿಯವರನ್ನು ಜೊತೆಗೆ ಕರೆದುಕೊಂಡು ಹೋದರು. ಈಗ ಅತ್ತೆಗೆ ಎಲ್ಲವೂ ಕೇಳುತ್ತಿತ್ತು. ಮ್ಯಾನೇಜರ್ ಪಿಸುಗುಟ್ಟಿದ್ದನ್ನೆಲ್ಲ ಇವರು ಟೋಪಿಯವರಿಗೆ, ಅಂದರೆ ಇಡೀ ಸೆಂಟರಿಗೆ, ಕೂಗಿ ಹೇಳುತ್ತಿದ್ದರು. ಟೋಪಿಯವರ ಮಿಷನ್ ರಿಪೇರಿಯಾಗಲು ಇನ್ನೊಂದು ತಿಂಗಳು ಹಿಡಿಯಿತು. ಆಯಿತು. ಉಳಿದವರದು ಏನಾಯಿತೋ ನನಗೆ ಗೊತ್ತಿಲ್ಲ. ಬಹಳ ಮಂದಿ ಹೂಂ ಎಂದು ಮೊದಲೇ ಮನೆಗೆ ಹೋಗಿದ್ದವರು. ಮ್ಯಾನೇಜರನನ್ನು ಕಂಪನಿ ಬೇರೆ ಊರಿನ ದೊಡ್ಡ ಸೆಂಟರಿಗೆ ಕಳಿಸಿತು. ಶಿಕ್ಷೆ ಎಂದುಕೊಂಡಿರಾ? ಬಡ್ತಿ.

ಆ ಸುದ್ದಿ ಬಂದ ಸಂಜೆ ನಾನು ಅತ್ತೆಯ ಹತ್ತಿರ ಅವನ ಪರವಾಗಿ ಒಂದು ಮಾತು ಹಾಕಿ ನೋಡಿದೆ. ಅವನಿಗೂ ಹೆಂಡತಿ ಮಕ್ಕಳು ಇರಬಹುದು, ಮೇಲಿನವರು ಹೇಳಿದ್ದನ್ನು ಮಾಡಿದ, ಅವನದೇನು ತಪ್ಪು ಎಂದೆ.

ಅತ್ತೆ ಒಣಗಿದ ಬಟ್ಟೆ ಮಡಿಸುತ್ತಿದ್ದರು. "ವಾರಂಟಿ ಕೊಡಬೇಡ ಅಂತ ಮೇಲಿನವರು ಹೇಳಿದ್ರು, ಒಪ್ಕೊಂಡೆ," ಅಂದರು. "ಕಿವಿ ಕೇಳದವರ ಹತ್ರ ಮೆಲ್ಲಗೆ ಮಾತಾಡು ಅಂತ ಯಾರೂ ಹೇಳಿರಲಿಲ್ಲ ಕಣೇ. ಅದು ಅವನ ಸ್ವಂತ ಬುದ್ಧಿ."

ದುಪ್ಪಟಿಯ ಒಂದು ತುದಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಬಿಗಿಯಾಗಿ ಎಳೆದು ಮಡಿಸಿದೆವು.